ಸಿಸ್ಟರ್ ಲಕ್ಷಣ ಸಂಗ್ರಹ: ಕಲ್ಯಾಣ ಮತ್ತು ಹುಮನಾಬಾದ್ ಪ್ರಕರಣ

ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ವರ್ಗೀಕರಣದ ಚಟ ಹಳೆಯದು. ಇಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ‘ಮಾನಸೋಲ್ಲಾಸ’ ಬರೆದ. ಐದು ವಿಂಶತಿ, ವಿಂಶತಿಗೆ ಇಪ್ಪತ್ತು ಅಧ್ಯಾಯ, ಒಟ್ಟು ನೂರು ಎಂದು ಲೆಕ್ಕ ಕಟ್ಟಿ ಲೋಕವನ್ನೆಲ್ಲ ಅದರೊಳಗೆ ತುಂಬಿದ. ಆನೆ, ಅಡುಗೆ, ಮೀನು ಹಿಡಿಯುವುದು, ಕೋಳಿ ಅಂಕ, ಯಾವುದನ್ನೂ ಬಿಡಲಿಲ್ಲ. ಅವನ ತಂದೆ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದು, ಸತ್ತವರ ಆಸ್ತಿ ಯಾರಿಗೆ ಸೇರಬೇಕೆಂದು ದೇಶದ ಬಹುಭಾಗಕ್ಕೆ ಪಾಲು ಹಂಚಿಕೊಟ್ಟ. ಇಂಥ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದವನು ಏನನ್ನೂ ವಿಂಗಡಿಸದೆ ವಾಪಸು ಬಸ್ಸು ಹತ್ತಿದರೆ ಸ್ಥಳಕ್ಕೆ ಅವಮಾನ. ಆನೆ ಈಗ ಸಿಗುವುದಿಲ್ಲ. ಸಿಸ್ಟರುಗಳು ಸಿಗುತ್ತಾರೆ.

ಶಾಸ್ತ್ರಗ್ರಂಥಕ್ಕೆ ನಾಲ್ಕು ಅನುಬಂಧ ಬೇಕು. ವಿಷಯ: ಬಸವಕಲ್ಯಾಣ, ಹುಮನಾಬಾದುಗಳ ಖಾಸಗಿ ದವಾಖಾನೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಸಿಸ್ಟರುಗಳು ಮತ್ತು ಅವರಿಂದ ಎಲ್ಲರೂ ಬಯಸುವ ‘ಒಳ್ಳೆಯ ಆರೈಕೆ’ ಎಂಬ ಪದಾರ್ಥ. ಅಧಿಕಾರಿ, ಅಂದರೆ ಓದಲು ಅರ್ಹನಾದವನು: ಅಲ್ಲಿನ ಮಂಚದ ಮೇಲೆ ಮಲಗಿ ಬಂದವನು, ಇಲ್ಲವೆ ಮಂಚದ ಪಕ್ಕ ಚಾಪೆ ಹಾಸಿ ಮಲಗಿ ಬಂದವನು. ಪ್ರಯೋಜನ: ಮುಂದಿನ ಸಲ ಸಲಾಯಿನ್ ಮುಗಿದಾಗ ಕೂಗುವ ದನಿ ಅರ್ಧಕ್ಕೆ ಇಳಿಯಬಹುದು. ನಾಲ್ಕನೆಯದಾದ ಸಂಬಂಧವನ್ನು ಯಾವ ಗ್ರಂಥದಲ್ಲೂ ಯಾರೂ ಓದುವುದಿಲ್ಲವಾದ್ದರಿಂದ ಬಿಟ್ಟಿದ್ದೇನೆ.

ದೇಶವಿಚಾರ ಒಂದಿಷ್ಟು. ಹೈದರಾಬಾದಿನಿಂದ ಸೋಲಾಪುರ ಕಡೆ ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿ ಈ ಎರಡೂ ತಾಲ್ಲೂಕುಗಳನ್ನು ಹಾಯ್ದು ಹೋಗುತ್ತದೆ. ಬೀದರಿನಿಂದ ಕಲಬುರಗಿಗೆ ಇಳಿಯುವ ರಸ್ತೆ ಅದನ್ನು ಹುಮನಾಬಾದಿನಲ್ಲಿ ಕತ್ತರಿಸುತ್ತದೆ. ಹೀಗಾಗಿ ಹುಮನಾಬಾದಿಗೆ ಮೂಳೆ ಮುರಿದವರು ರಾತ್ರಿ ಹೊತ್ತು ಬರುತ್ತಾರೆ. ಸಣ್ಣ ಊರಿನ ಖಾಸಗಿ ದವಾಖಾನೆಯ ರಚನೆ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ: ಕೆಳಗೆ ಮೆಡಿಕಲ್ ಅಂಗಡಿ ಮತ್ತು ಒಪಿಡಿ, ಮೇಲೆ ವಾರ್ಡು, ಅದರ ಪಕ್ಕ ಆಪರೇಷನ್ ಕೋಣೆ, ಎಲ್ಲಕ್ಕೂ ಮೇಲೆ ಕೆಲವೊಮ್ಮೆ ಡಾಕ್ಟರರ ಮನೆ. ಇಲ್ಲಿ ಆಗದ್ದಕ್ಕೆ ಬೀದರ್, ಕಲಬುರಗಿ, ಸೋಲಾಪುರ, ಹೈದರಾಬಾದ್ ಎಂಬ ನಾಲ್ಕು ದಿಕ್ಕುಗಳಿವೆ. ರೋಗಿಯ ಕಡೆಯವರು ರೋಗಕ್ಕಿಂತ ಹೆಚ್ಚಾಗಿ ನೆಂಟರು ಎಲ್ಲಿದ್ದಾರೆ ಎಂಬುದನ್ನು ನೋಡಿ ದಿಕ್ಕು ಆರಿಸುತ್ತಾರೆ.

ಪ್ರಮಾಣಗ್ರಂಥ ಚರಕಸಂಹಿತೆ. ಅದರ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದ ಪ್ರಕಾರ ಚಿಕಿತ್ಸೆಗೆ ನಾಲ್ಕು ಪಾದ: ವೈದ್ಯ, ಔಷಧ, ಪರಿಚಾರಕ, ರೋಗಿ. ಪ್ರತಿಯೊಂದಕ್ಕೂ ನಾಲ್ಕು ಗುಣ, ಕೂಡಿ ಹದಿನಾರು. ನಾಲ್ವರಲ್ಲಿ ವೈದ್ಯನೇ ಪ್ರಧಾನ ಎಂದೂ ಚರಕ ಅಲ್ಲೇ ಸೇರಿಸುತ್ತಾನೆ, ಅವನೂ ವೈದ್ಯನೇ. ರೋಗಿಗೆ ಅವನು ವಿಧಿಸಿದ ಗುಣಗಳು ನೆನಪಿರುವುದು, ಹೇಳಿದ್ದು ಕೇಳುವುದು, ಹೆದರದಿರುವುದು, ತನಗೇನಾಗುತ್ತಿದೆ ಎಂದು ಹೇಳಬಲ್ಲವನಾಗಿರುವುದು. ಆಮೇಲೆ ಬಂದ ವಾಗ್ಭಟ ರೋಗಿಯ ಗುಣಗಳಲ್ಲಿ ಹಣವಂತಿಕೆಯನ್ನೂ ಸೇರಿಸಿದ. ಖಾಸಗಿ ದವಾಖಾನೆಯ ಮೂಲಪುರುಷ ಯಾರೆಂಬ ಪ್ರಶ್ನೆ ಅಲ್ಲಿಗೆ ಬಗೆಹರಿಯಿತು.

ಭೇದವಿಚಾರ

ವಿದ್ಯೆಯಿಂದ ಸಿಸ್ಟರುಗಳು ನಾಲ್ಕು ಬಗೆ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದಿದವರು, ಮೂರು ವರ್ಷದ ಜಿಎನ್‌ಎಂ ಓದಿದವರು, ಎರಡು ವರ್ಷದ ಎಎನ್‌ಎಂ ಓದಿದವರು, ಏನೂ ಓದದೆ ನೋಡಿ ಕಲಿತವರು. ಮೊದಲನೆಯವರು ಬರುವುದೇ ಹೋಗುವುದಕ್ಕೆ. ಎರಡನೆಯವರ ಮೇಲೆ ದವಾಖಾನೆ ನಿಂತಿದೆ. ಮೂರನೆಯವರದು ಮೂಲತಃ ಹಳ್ಳಿಯ ಉಪಕೇಂದ್ರಕ್ಕೆಂದು ರೂಪಿಸಿದ ವಿದ್ಯೆ. ಹೆರಿಗೆ ಕೋಣೆಯಲ್ಲಿ ಅವರ ಕೈ ಪಳಗಿರುತ್ತದೆ.

ನಾಲ್ಕನೆಯ ಬಗೆ ಶಾಸ್ತ್ರಕಾರನಿಗೆ ಕಷ್ಟ ಕೊಡುತ್ತದೆ. ಪಿಯುಸಿ ಮುಗಿಸಿ ಒಪಿಡಿ ಚೀಟಿ ಬರೆಯಲು ಬಂದ ಹುಡುಗಿ ಮೊದಲು ತೂಕ ನೋಡುತ್ತಾಳೆ, ಆಮೇಲೆ ಬಿಪಿ ನೋಡುತ್ತಾಳೆ, ಒಂದು ದಿನ ಕೈ ಸಾಲದೆ ಸಲಾಯಿನ್ ಹಚ್ಚುತ್ತಾಳೆ, ಎರಡು ವರ್ಷದಲ್ಲಿ ಹೊಸದಾಗಿ ಬಂದ ಜಿಎನ್‌ಎಂಗೆ ಅವಳೇ ದಾರಿ ತೋರಿಸುತ್ತಾಳೆ. ಎಲ್ಲರದೂ ಅದೇ ಬಣ್ಣದ ಯೂನಿಫಾರಂ. ಪೂರ್ವಪಕ್ಷ: ನರ್ಸಿಂಗ್ ಕೌನ್ಸಿಲಿನ ನೋಂದಣಿ ಇಲ್ಲದವಳು ಸಿಸ್ಟರಲ್ಲ. ಪ್ರತಿಪಕ್ಷ: ರಾತ್ರಿ ಎರಡಕ್ಕೆ ಮಗುವಿಗೆ ಉಸಿರು ಕಟ್ಟಿದಾಗ ನೋಂದಣಿ ಸಂಖ್ಯೆ ಯಾರು ಕೇಳುತ್ತಾರೆ? ಸಿದ್ಧಾಂತ: ಪೂರ್ವಪಕ್ಷವೇ ಸರಿ. ಅವಳ ಕೈ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಒಂದು ಇಂಜೆಕ್ಷನ್ ಹೆಚ್ಚುಕಡಿಮೆಯಾದರೆ ಮೊದಲು ಹಿಡಿಯಲ್ಪಡುವವಳು ಅವಳು, ಆಗ ಅವಳ ಪರವಾಗಿ ತೋರಿಸಲು ಒಂದು ಕಾಗದವೂ ಇರುವುದಿಲ್ಲ. ಕಡಿಮೆ ಪಗಾರಕ್ಕೆ ಸಿಕ್ಕಳೆಂದು ಅವಳನ್ನು ನಿಲ್ಲಿಸಿಕೊಂಡವರು ಆ ಹೊತ್ತಿಗೆ ಅವಳನ್ನು ‘ರಿಸೆಪ್ಷನ್ ಹುಡುಗಿ’ ಎಂದು ಬೇರೆ ವರ್ಗಕ್ಕೆ ಸೇರಿಸಿಬಿಡುತ್ತಾರೆ. ವರ್ಗೀಕರಣ ಎಷ್ಟು ಉಪಯುಕ್ತ ವಿದ್ಯೆ ನೋಡಿ.

ಬ್ರದರ್ ಎಂಬ ಉಪಭೇದವೂ ಉಂಟು. ಅವನ ಸ್ಥಾನ ಆಪರೇಷನ್ ಕೋಣೆ, ಅಂಬ್ಯುಲೆನ್ಸ್, ಗಂಡಸರಿಗೆ ಮೂತ್ರದ ನಳಿಗೆ ಹಾಕುವುದು, ಭಾರದ ರೋಗಿಯನ್ನು ಹೊರಳಿಸುವುದು. ಇನ್ನು ಮಾವಶಿ. ನೆಲ ಒರೆಸುವುದರಿಂದ ಹಿಡಿದು ಬಾಣಂತಿಯ ಸೊಂಟಕ್ಕೆ ಬಟ್ಟೆ ಕಟ್ಟುವವರೆಗೆ ಎಲ್ಲ ಬಲ್ಲ ಮಾವಶಿಗೆ ಪ್ರತ್ಯೇಕ ಗ್ರಂಥವೇ ಬೇಕು.

ಬರುವ ಊರಿನಿಂದ ವಿಂಗಡಿಸಿದರೆ ರಾಜೇಶ್ವರದವರು, ಮುಡಬಿಯವರು, ಮಂಠಾಳದವರು, ಹಳ್ಳಿಖೇಡದವರು, ಚಿಟಗುಪ್ಪದವರು. ಇದು ಸುಮ್ಮನೆ ಭೂಗೋಳವಲ್ಲ. ಪಾಳಿ ಎಷ್ಟು ತಾಸಿನದು ಎಂಬುದನ್ನು ಎಷ್ಟೋ ಕಡೆ ಬಸ್ಸು ನಿರ್ಧರಿಸುತ್ತದೆ. ಕಾಗದದ ಮೇಲೆ ಎಂಟು ತಾಸಿನ ಮೂರು ಪಾಳಿ. ರಾತ್ರಿ ಹತ್ತಕ್ಕೆ ಡ್ಯೂಟಿ ಬಿಟ್ಟ ಹುಡುಗಿ ಯಾವ ಬಸ್ಸಿಗೆ ಊರು ಸೇರಬೇಕು? ಆದ್ದರಿಂದ ಹನ್ನೆರಡು ತಾಸಿನ ಎರಡು ಪಾಳಿ. ಇದರಿಂದ ಅವಳಿಗೆ ಸುರಕ್ಷೆ ಎಂದು ದವಾಖಾನೆ ಹೇಳುತ್ತದೆ. ಅದು ಸುಳ್ಳಲ್ಲ. ಮೂರನೆಯ ಪಾಳಿಯ ಪಗಾರವೂ ಸುರಕ್ಷಿತವಾಗಿ ಉಳಿಯುತ್ತದೆ, ಅದೂ ಸುಳ್ಳಲ್ಲ.

ಗುಣವಿಚಾರ

ಪರಿಚಾರಕನಿಗೆ ಚರಕ ಹೇಳಿದ ನಾಲ್ಕು ಗುಣಗಳು ಉಪಚಾರಜ್ಞಾನ, ದಾಕ್ಷ್ಯ, ಅನುರಾಗ, ಶೌಚ. ವಾರ್ಡಿನಲ್ಲಿ ಇವು ಬೇರೆ ಕ್ರಮದಲ್ಲಿ ಬೇಕಾಗುತ್ತವೆ. ಮೊದಲು ದಾಕ್ಷ್ಯ, ಯಾಕೆಂದರೆ ರೋಗಿಯ ಕಡೆಯವರು ಅದೊಂದನ್ನೇ ನೋಡಬಲ್ಲರು.

ದಾಕ್ಷ್ಯ ಎಂದರೆ ನರ ಹಿಡಿಯುವುದು. ನರಗಳು ನಾಲ್ಕು ವಿಧ. ಪ್ರಕಟ: ಹೊಲದಲ್ಲಿ ದುಡಿದ ಗಂಡಸಿನ ಮುಂಗೈಯದು, ಕಣ್ಣು ಮುಚ್ಚಿದರೂ ಸಿಗುತ್ತದೆ. ಚಂಚಲ: ಮುದುಕಿಯದು; ಕಾಣುತ್ತದೆ, ಸೂಜಿ ತಾಗಿದರೆ ಪಕ್ಕಕ್ಕೆ ಸರಿಯುತ್ತದೆ. ಅಂತರ್ಧಾನ: ಬೇಸಿಗೆಯಲ್ಲಿ ವಾಂತಿ ಭೇದಿಯಾಗಿ ಬಂದವರದು, ಸಲಾಯಿನ್ ಅವಶ್ಯವಾದಷ್ಟೂ ನರ ಒಳಗೆ ಸೇರಿರುತ್ತದೆ. ನಾಲ್ಕನೆಯದು ಬಾಲನರ, ಕೂಸಿನ ಅಂಗೈ ಹಿಂಭಾಗದಲ್ಲಿ ನೀಲಿ ದಾರದ ಎಳೆಯಷ್ಟು. ಇವಕ್ಕೆ ತಕ್ಕಂತೆ ನರದೊಳಗೆ ಇಳಿಸುವ ಇಂಟ್ರಾಕ್ಯಾತ್ ನಳಿಗೆಗೂ ಬಣ್ಣಗಳಿವೆ. ಕೂಸಿಗೆ ಹಳದಿ, ಅದಕ್ಕಿಂತ ದಪ್ಪದ್ದು ನೀಲಿ, ಇನ್ನೂ ದಪ್ಪ ಗುಲಾಬಿ, ರಕ್ತ ಹರಿಸಬೇಕಾದವರಿಗೆ ಹಸಿರು. ನರ ಸಿಗದಿದ್ದರೆ ಕೈ ಕೆಳಗೆ ಇಳಿಬಿಡಬೇಕು, ಬೆರಳಿನಿಂದ ತಟ್ಟಬೇಕು, ಬಿಸಿ ಬಟ್ಟೆ ಸುತ್ತಬೇಕು. ಎರಡು ಸಲ ತಪ್ಪಿದರೆ ಮೂರನೆಯ ಸಲ ತಾನು ಚುಚ್ಚದೆ ಇನ್ನೊಬ್ಬಳನ್ನು ಕರೆಯಬೇಕು, ಇದು ಒಳ್ಳೆಯ ಶಿಕ್ಷಣದ ನಿಯಮ. ರಾತ್ರಿ ಪಾಳಿಯಲ್ಲಿ ಇನ್ನೊಬ್ಬಳು ಇರಬೇಕಷ್ಟೆ. ಇಲ್ಲದಿದ್ದರೆ ಮೂರನೆಯದನ್ನೂ ಅವಳೇ ಚುಚ್ಚುತ್ತಾಳೆ, ಕೂಸಿನ ಅಜ್ಜಿ ಅವಳ ವಂಶವನ್ನೆಲ್ಲ ಹೆಸರು ಹಿಡಿದು ಸ್ಮರಿಸುತ್ತಿರುವಾಗ.

ಉಪಚಾರಜ್ಞಾನದ ಬಹುಭಾಗ ಒಂದೇ ಪ್ರಶ್ನೆಯಲ್ಲಿ ಅಡಗಿದೆ: ಡಾಕ್ಟರರನ್ನು ಯಾವಾಗ ಎಬ್ಬಿಸಬೇಕು? ಮೀಮಾಂಸಕರು ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯ, ನಿಷಿದ್ಧ ಎಂದು ವಿಂಗಡಿಸಿದರು. ರಾತ್ರಿಯ ಫೋನುಗಳಿಗೂ ಅದೇ ನಾಲ್ಕು ಹೆಸರು ಸಲ್ಲುತ್ತವೆ. ನಿತ್ಯ ಎಂದರೆ ಹತ್ತು ಗಂಟೆಗೆ ಎಲ್ಲರ ವಿಷಯ ಒಪ್ಪಿಸುವುದು. ನೈಮಿತ್ತಿಕಕ್ಕೆ ಒಂದು ನಿಮಿತ್ತ ಬೇಕು, ಬಿಪಿ ಬೀಳುವುದೋ ಜ್ವರಕ್ಕೆ ನಡುಕ ಬರುವುದೋ. ಕಾಮ್ಯ ಎಂದರೆ ರೋಗಿಯ ಕಡೆಯವರ ಕಾಮನೆ ಪೂರೈಸಲು ಮಾಡುವುದು. ಅವರು ಎದುರಿಗೆ ನಿಂತು ‘ಸಾಹೇಬ್ರಿಗೆ ಈಗೇ ಹಚ್ರಿ’ ಎಂದಾಗ ಹಚ್ಚುವುದು. ನಿಷಿದ್ಧ ಎಂದರೆ ಮಾಡಬೇಕೆಂದು ಮನಸ್ಸಿಗೆ ಬಂದರೂ ಮಾಡದೆ ಬಿಡುವ ಫೋನು. ಹೋದ ವಾರ ಎಬ್ಬಿಸಿದಾಗ ‘ಇಷ್ಟಕ್ಕೆಲ್ಲ ಎಬ್ಬಿಸಬೇಕಾ’ ಎಂದು ಬೈಸಿಕೊಂಡವಳು ಈ ವಾರ ಬೆರಳನ್ನು ಫೋನಿನ ಮೇಲಿಟ್ಟು ಹಿಂದೆಗೆಯುತ್ತಾಳೆ.

ಈ ನಾಲ್ಕನೆಯದರ ಮೇಲೆ ಸ್ವಲ್ಪ ನಿಲ್ಲಬೇಕು. ಹೆರಿಗೆಯಾದ ಮೊದಲ ಎರಡು ತಾಸು ಬಾಣಂತಿಯ ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗಿದೆಯೇ ಎಂದು ಕಾಲುಗಂಟೆಗೊಮ್ಮೆ ನೋಡುತ್ತಿರಬೇಕು. ಮೆತ್ತಗಾಗಿದ್ದರೆ ರಕ್ತ ಹೋಗುತ್ತಿದೆ ಎಂದೇ ಅರ್ಥ. ಹೋದ ರಕ್ತ ಅರ್ಧ ಲೀಟರು ದಾಟಿದರೆ ಅದು ಅಪಾಯದ ರಕ್ತಸ್ರಾವ ಎಂದು ಪುಸ್ತಕ ಹೇಳುತ್ತದೆ. ಆದರೆ ಬಟ್ಟೆ, ಹತ್ತಿ, ಹಾಸಿಗೆಗಳಲ್ಲಿ ಹಂಚಿಹೋದ ಅರ್ಧ ಲೀಟರನ್ನು ಅಳೆಯುವುದು ಕಣ್ಣಿನಿಂದ. ಬಾಣಂತಿ ಸುಮ್ಮನೆ ಮಲಗಿದ್ದಾಳೆ, ಮನೆಯವರು ಕೂಸಿನ ಮುಖ ನೋಡುವುದರಲ್ಲಿದ್ದಾರೆ, ಬಿಪಿ ಇನ್ನೂ ಬಿದ್ದಿಲ್ಲ. ಹರೆಯದ ಮೈ ಕೊನೆಯವರೆಗೂ ಬಿಪಿಯನ್ನು ಹಿಡಿದಿಟ್ಟುಕೊಂಡು ಆಮೇಲೆ ಒಮ್ಮೆಗೇ ಕೈಬಿಡುತ್ತದೆ. ಆಗ ಹೊಟ್ಟೆ ತಿಕ್ಕುತ್ತ, ಒಂದು ಕೈಯಲ್ಲಿ ಫೋನು ಹಿಡಿದು, ಬೈಸಿಕೊಳ್ಳಲು ತಯಾರಾಗಿ ಎಬ್ಬಿಸುವವಳನ್ನೇ ನಾನು ಒಳ್ಳೆಯ ಸಿಸ್ಟರ್ ಎನ್ನುತ್ತೇನೆ. ಅವಳ ಧೈರ್ಯ ಅವಳ ಹುಟ್ಟುಗುಣ ಎಂದು ನಾವು ಹೊಗಳುತ್ತೇವೆ. ಅದರಲ್ಲಿ ಅರ್ಧ ಆ ಡಾಕ್ಟರರು ಹೋದ ಸಲ ಫೋನಿನಲ್ಲಿ ಹೇಗೆ ಮಾತಾಡಿದ್ದರು ಎಂಬುದರ ಫಲ.

ಅನುರಾಗಕ್ಕೆ ಸಾಕ್ಷಿ ಬೇಕಾದರೆ ಗುಳಗಿ ಕೊಡುವ ಹೊತ್ತಿಗೆ ನಿಲ್ಲಬೇಕು. ‘ಒಲ್ಲೆವ್ವಾ, ಬಾಯಿ ಕಹಿ ಆಗ್ಯದ’ ಎಂದು ಮುದುಕ ಗೋಡೆಯ ಕಡೆ ಹೊರಳುತ್ತಾನೆ. ‘ಮುತ್ಯಾ, ಇದೊಂದ್ ನುಂಗ್ರಿ, ಆಮ್ಯಾಲ ಚಹಾ ಕುಡೀಲಿಕ್ಕ ನಾನೇ ಹೇಳ್ತೀನಿ’ ಎಂದು ಇವಳು ಹೊರಳಿದ ಕಡೆಗೆ ಹೋಗಿ ನಿಲ್ಲುತ್ತಾಳೆ. ಮುತ್ಯಾನಿಗೆ ಶುಗರ್ ಇದೆ, ಚಹಾದಲ್ಲಿ ಸಕ್ಕರೆ ಇರುವುದಿಲ್ಲ, ಅದನ್ನು ಗುಳಗಿ ಒಳಗೆ ಹೋದ ಮೇಲೆ ಹೇಳುತ್ತಾಳೆ. ಇಷ್ಟಕ್ಕೆ ನಾಲ್ಕು ನಿಮಿಷ ಹಿಡಿಯಿತು. ಈ ನಾಲ್ಕು ನಿಮಿಷವನ್ನು ಬರೆಯಲು ಕೇಸ್ ಶೀಟಿನಲ್ಲಿ ಕಾಲಂ ಇಲ್ಲ.

ಶೌಚಕ್ಕೆ ಸರಕಾರವೇ ವರ್ಗೀಕರಣ ಮಾಡಿಕೊಟ್ಟಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ರಕ್ತದ ಹತ್ತಿ ಹಳದಿಗೆ, ಸಲಾಯಿನ್ ಪೈಪು ಕೆಂಪಿಗೆ, ಸೂಜಿ ಬಿಳಿಯ ಡಬ್ಬಿಗೆ, ಗಾಜು ನೀಲಿಗೆ. ಬಾಳೆಹಣ್ಣಿನ ಸಿಪ್ಪೆ ಯಾವುದಕ್ಕೆ ಎಂದು ಕೇಳದೆ ಹತ್ತಿರ ಇದ್ದುದಕ್ಕೆ ಹಾಕುವವರು ರೋಗಿಯ ಕಡೆಯವರು. ಕೈಗವಸು ಹಾಕಿ ಅದನ್ನು ಹೊರತೆಗೆಯುವವಳು ಸಿಸ್ಟರ್.

ಸಂಖ್ಯಾವಿಚಾರ

ಸಾಂಖ್ಯರು ಇಪ್ಪತ್ತೈದು ತತ್ತ್ವಗಳಿಂದ ಜಗತ್ತನ್ನು ವಿವರಿಸಿದರು. ವಾರ್ಡನ್ನು ವಿವರಿಸಲು ಒಂದೇ ತತ್ತ್ವ ಸಾಕು: ಎಷ್ಟು ಮಂಚಕ್ಕೆ ಎಷ್ಟು ಕೈ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ಐದು ರೋಗಿಗೆ ಒಬ್ಬ ನರ್ಸ್, ಐಸಿಯುವಿನಲ್ಲಿ ಒಬ್ಬರಿಗೆ ಒಬ್ಬರು. ಈ ಅನುಪಾತವನ್ನು ಇಲ್ಲಿನ ಸಿಸ್ಟರುಗಳು ಓದಿದ್ದಾರೆ. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದಾರೆ.

ಈಗ ಇಪ್ಪತ್ತು ಮಂಚದ ಒಂದು ವಾರ್ಡು, ಹನ್ನೆರಡು ತಾಸಿನ ಒಂದು ರಾತ್ರಿ, ಒಬ್ಬ ಸಿಸ್ಟರ್ ಎಂದಿಟ್ಟುಕೊಳ್ಳಿ. ಒಬ್ಬ ರೋಗಿಯ ಜ್ವರ, ನಾಡಿ, ಉಸಿರು, ಬಿಪಿ ನೋಡಿ ಬರೆಯಲು ಐದು ನಿಮಿಷ. ಇಪ್ಪತ್ತು ಜನಕ್ಕೆ ನೂರು ನಿಮಿಷ. ನಾಲ್ಕು ತಾಸಿಗೊಮ್ಮೆಯಂತೆ ಮೂರು ಸುತ್ತು: ಐದು ತಾಸು ಹೋಯಿತು. ಪುಡಿ ಕರಗಿಸಿ, ಹೆಸರು ಕೇಳಿ, ನಿಧಾನವಾಗಿ ಇಂಜೆಕ್ಷನ್ ಕೊಡಲು ಒಬ್ಬರಿಗೆ ಆರು ನಿಮಿಷ. ರಾತ್ರಿ ಒಮ್ಮೆ, ಬೆಳಗಿನ ಜಾವ ಒಮ್ಮೆ. ನಾಲ್ಕು ತಾಸು ಹೋಯಿತು. ಉಳಿದ ಮೂರು ತಾಸಿನಲ್ಲಿ ಮುಗಿದ ಸಲಾಯಿನ್ ಬದಲಿಸಬೇಕು, ಹೊಸದಾಗಿ ಬಂದವರನ್ನು ಸೇರಿಸಿಕೊಳ್ಳಬೇಕು, ಮೂತ್ರದ ಚೀಲ ಅಳೆದು ಖಾಲಿ ಮಾಡಬೇಕು, ಆಗುವ ಹೆರಿಗೆಗೆ ನಿಲ್ಲಬೇಕು, ಎಲ್ಲ ಬರೆಯಬೇಕು, ಮುತ್ಯಾನಿಗೆ ನಾಲ್ಕು ನಿಮಿಷ ಕೊಡಬೇಕು. ಊಟ ಮತ್ತು ಬಚ್ಚಲುಮನೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಕಾಲುಗಂಟೆಗೊಮ್ಮೆ ನೋಡಬೇಕಾದ ಬಾಣಂತಿ ಒಬ್ಬಳೇ ಇದ್ದರೆ ಪುಣ್ಯ.

ಆದರೂ ಬೆಳಿಗ್ಗೆ ಚಾರ್ಟು ತುಂಬಿರುತ್ತದೆ. ಹೇಗೆಂದರೆ ಇಲ್ಲಿ ನೈಯಾಯಿಕರ ನಾಲ್ಕು ಪ್ರಮಾಣಗಳೂ ಕೆಲಸಕ್ಕೆ ಬರುತ್ತವೆ. ಪ್ರತ್ಯಕ್ಷ: ಉಪಕರಣವಿಟ್ಟು ನೋಡಿ ಬರೆದ ಬಿಪಿ. ಅನುಮಾನ: ಗೊರಕೆ ಹೊಡೆಯುತ್ತಿದ್ದಾನೆ, ಆದ್ದರಿಂದ ಉಸಿರು ಸರಿಯಾಗಿದೆ, ಆದ್ದರಿಂದ ನಿಮಿಷಕ್ಕೆ ಹದಿನೆಂಟು. ಉಪಮಾನ: ಪಕ್ಕದ ಮಂಚದವರದೂ ಇದೇ ಕಾಯಿಲೆ, ನಾಡಿಯೂ ಇಷ್ಟೇ ಇರಬೇಕು. ಶಬ್ದ: ‘ಜ್ವರ ಇಳದದ್ರೀ’ ಎಂಬ ಸೊಸೆಯ ವಚನ. ಬೆಳಿಗ್ಗೆ ಐದೂವರೆಗೆ ಒಂದೇ ಪೆನ್ನಿನಲ್ಲಿ ಒಂದೇ ಓಟದಲ್ಲಿ ಬರೆದ 98.6ರ ಸಾಲನ್ನು ಕಂಡು ಮೂಗು ಮುರಿಯುವವರು ಮೇಲಿನ ಗಣಿತವನ್ನು ತಾವೇ ಒಮ್ಮೆ ಮಾಡಿ ನೋಡಲಿ. ಸುಳ್ಳು ಬರೆದದ್ದು ಅವಳ ಕೈ, ನಿಜ. ಆ ಕೈಗೆ ಇಪ್ಪತ್ತು ಮಂಚ ಒಪ್ಪಿಸಿದ ಡ್ಯೂಟಿ ಚಾರ್ಟೂ ಒಂದು ಸುಳ್ಳು ಬರಹವೇ. ಅದರ ಮೇಲೆ ಅವಳ ಸಹಿ ಇಲ್ಲ. ಗುಣಮಟ್ಟ ಎಂಬುದನ್ನು ಗುಣವಿಚಾರದಲ್ಲಿ ಹುಡುಕುವವರು ತಪ್ಪು ಪ್ರಕರಣ ತೆರೆದಿದ್ದಾರೆ ಎಂಬುದು ಈ ಸಂಗ್ರಹಕಾರನ ಮತ. ಅದು ಇರುವುದು ಇಲ್ಲಿ, ಸಂಖ್ಯಾವಿಚಾರದಲ್ಲಿ. ಐದು ಮಂಚ ಕೊಟ್ಟು ನೋಡಿ. ಮೂಗಿನ ತುದಿಯಲ್ಲಿ ಸಿಟ್ಟಿರುವ ಸಿಸ್ಟರೂ ಅನುರಾಗವತಿಯಾಗುತ್ತಾಳೆ.

ಬಂಧುವಿಚಾರ

ಇದು ವಿಜ್ಞಾನೇಶ್ವರನ ಕ್ಷೇತ್ರ. ಸಪಿಂಡರು ಯಾರು ಎಂದು ಕೇಳಿದಾಗ ಅವನು ಶ್ರಾದ್ಧದ ಪಿಂಡದ ಕಡೆ ನೋಡಲಿಲ್ಲ. ಒಂದೇ ಶರೀರದ ಅಂಶ ಹಂಚಿಕೊಂಡವರು ಸಪಿಂಡರು ಎಂದ. ತಂದೆಯ ಕಡೆ ಏಳು, ತಾಯಿಯ ಕಡೆ ಐದು ತಲೆಮಾರಿಗೆ ಅದನ್ನು ನಿಲ್ಲಿಸಿದ. ಅವನು ನಿಲ್ಲಿಸಿದ. ವಾರ್ಡಿನಲ್ಲಿ ಅದು ನಿಲ್ಲುವುದಿಲ್ಲ.

ಮಂಚದ ಸುತ್ತ ನೆರೆಯುವವರಲ್ಲಿ ಮೊದಲನೆಯವರು ಕರ್ತೃಗಳು. ಸಾಮಾನ್ಯವಾಗಿ ಒಬ್ಬ ಸೊಸೆ ಅಥವಾ ಮಗಳು. ಜೋಳದ ರೊಟ್ಟಿ, ಗಂಜಿ ತರುವುದು, ಎತ್ತಿ ಕೂರಿಸುವುದು, ರಾತ್ರಿ ಎಚ್ಚರವಿರುವುದು ಎಲ್ಲ ಇವಳೇ. ಸಿಸ್ಟರಿನ ಎರಡನೆಯ ಜೋಡಿ ಕೈ ಇವಳು. ನಿಜ ಹೇಳಬೇಕೆಂದರೆ ಒಬ್ಬ ಸಿಸ್ಟರನ್ನು ನೇಮಿಸದೆ ಉಳಿಸಿದ ದುಡ್ಡು ಇವಳ ನಿದ್ದೆಯಿಂದ ಬಂದದ್ದು. ಎರಡನೆಯವರು ದ್ರಷ್ಟೃಗಳು: ಸಂಜೆ ಬಂದು, ನೋಡಿ, ಬಾಳೆಹಣ್ಣು ಕೊಟ್ಟು, ತಮ್ಮ ಊರಲ್ಲಿ ಇದೇ ಕಾಯಿಲೆಯಿಂದ ಸತ್ತವರ ಕಥೆ ಹೇಳಿ ಹೋಗುವವರು. ಮೂರನೆಯವರು ವಕ್ತೃಗಳು. ಹೈದರಾಬಾದಿನಲ್ಲಿ ಲ್ಯಾಬಿನಲ್ಲಿ ಕೆಲಸ ಮಾಡುವ ಷಡ್ಡಕ ಫೋನಿನಲ್ಲಿದ್ದಾನೆ, ‘ಸಿಸ್ಟರ್‌ಗ ಕೊಡು’ ಎನ್ನುತ್ತಾನೆ, ಯಾವ ಆಂಟಿಬಯಾಟಿಕ್ ಎಂದು ಕೇಳುತ್ತಾನೆ. ಅವನಿಗೆ ಉತ್ತರ ಕೊಟ್ಟರೂ ತಪ್ಪು, ಕೊಡದಿದ್ದರೂ ತಪ್ಪು. ನಾಲ್ಕನೆಯವರು ನೇತೃಗಳು: ಬಿಳಿ ಅಂಗಿ ತೊಟ್ಟು, ಐದಾರು ಜನರನ್ನು ಕಟ್ಟಿಕೊಂಡು ಬಿಲ್ಲಿನ ದಿನವೋ ಸಾವಿನ ದಿನವೋ ಬರುವವರು. ವೈದ್ಯೋಪಚಾರ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯುವ 2009ರ ಕರ್ನಾಟಕ ಕಾಯ್ದೆ ಇವರಿಗಾಗಿಯೇ ಆದದ್ದು. ಮೂರು ವರ್ಷದವರೆಗೆ ಸೆರೆ ಎಂಬ ಫಲಕವನ್ನು ದವಾಖಾನೆಗಳು ಕೌಂಟರಿನ ಮೇಲೆ ತೂಗುಹಾಕುತ್ತವೆ. ಗಲಾಟೆಯ ದಿನ ಫಲಕಕ್ಕೂ ಜನಕ್ಕೂ ನಡುವೆ ನಿಂತಿರುವವಳು ಸಿಸ್ಟರ್, ಯಾಕೆಂದರೆ ಡಾಕ್ಟರರ ಕೋಣೆಗೆ ಬಾಗಿಲಿದೆ.

ಈ ನಾಲ್ಕೂ ವರ್ಗ ಒಮ್ಮೆಗೇ ಮಾಯವಾದ ಕಾಲ ಒಂದಿತ್ತು. 2021ರ ಏಪ್ರಿಲ್ 17ರಂದು ಬಸವಕಲ್ಯಾಣದಲ್ಲಿ ಉಪಚುನಾವಣೆಯ ಮತದಾನ ನಡೆಯಿತು. ಸಭೆ ಮೆರವಣಿಗೆಗಳ ಬೆನ್ನಿಗೇ ಕೊರೊನಾದ ಎರಡನೆಯ ಅಲೆ ಏರುತ್ತಿತ್ತು. ಆಗ ಮಂಚದ ಹತ್ತಿರ ಹೋಗಬಹುದಾದವಳು ಸಿಸ್ಟರ್ ಒಬ್ಬಳೇ. ಕರ್ತೃವೂ ಅವಳೇ, ದ್ರಷ್ಟೃವೂ ಅವಳೇ. ವೀಡಿಯೊ ಕಾಲಿನಲ್ಲಿ ಮಗನ ಮುಖವನ್ನು ತಾಯಿಯ ಎದುರು ಹಿಡಿದು ನಿಂತವಳೂ ಅವಳೇ. ಏಳು ತಲೆಮಾರಿನ ಹೊರಗಿನವಳು ಸಪಿಂಡಳಾದಳು. ಚಪ್ಪಾಳೆ ಅವಳಿಗೆ ಅದರ ಹಿಂದಿನ ವರ್ಷವೇ ಸಿಕ್ಕಿತ್ತು.

ಭಾಷಾವಿಚಾರ

ಸಲಾಯಿನ್ ಮುಗಿದದ್ದನ್ನು ಇಲ್ಲಿ ಕನ್ನಡದಲ್ಲಿ, ಮರಾಠಿಯಲ್ಲಿ, ದಖನಿ ಉರ್ದುವಿನಲ್ಲಿ, ಅಪರೂಪಕ್ಕೆ ತೆಲುಗಿನಲ್ಲಿ ಕೂಗಿ ಹೇಳುತ್ತಾರೆ. ಸಿಸ್ಟರ್ ನಾಲ್ಕರಲ್ಲೂ ‘ಬಂದೆ’ ಎನ್ನಬಲ್ಲಳು. ಕಾಕಾ, ಮಾವಶಿ, ಆಪಾ ಎಂದು ಆಯಾ ಮಂಚಕ್ಕೆ ತಕ್ಕ ಸಂಬಂಧ ಹಚ್ಚಬಲ್ಲಳು. ಕೇಸ್ ಶೀಟು ಮಾತ್ರ ಐದನೆಯ ಭಾಷೆಯಾದ ಇಂಗ್ಲಿಷಿನಲ್ಲಿ. ಇದಕ್ಕೆ ಭತ್ಯೆ ಇಲ್ಲ.

ಗಮನವಿಚಾರ

ಇವಳು ಎಷ್ಟು ದಿನ ಇರುತ್ತಾಳೆ? ಮದುವೆಯಾಗಿ ಹೋಗುವವರು, ಹೈದರಾಬಾದಿನ ದೊಡ್ಡ ಆಸ್ಪತ್ರೆಗೆ ಹೋಗುವವರು, ಕೊಲ್ಲಿಗೆ ಹೋಗುವವರು, ಸರಕಾರಿ ಕೆಲಸಕ್ಕೆ ಹೋಗುವವರು ಎಂದು ಹೋಗುವಿಕೆ ನಾಲ್ಕು ವಿಧ. ಇವುಗಳಲ್ಲಿ ಕೊನೆಯದು ಮೋಕ್ಷ. ಸಂವಿಧಾನದ 371(ಜೆ) ಕಲಂ ಬಂದ ಮೇಲೆ ಈ ಭಾಗದ ಸರಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲು ಸಿಕ್ಕಿದೆ. ಬೀದರಿನಲ್ಲಿ 2007ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂದಿದೆ. ರಾತ್ರಿ ಪಾಳಿಯಲ್ಲಿ ನರ್ಸಿಂಗ್ ಟೇಬಲಿನ ಮೇಲೆ ಔಷಧದ ಪುಸ್ತಕದ ಕೆಳಗೆ ಇನ್ನೊಂದು ಪುಸ್ತಕ ಕಂಡರೆ ಅದು ನೇಮಕಾತಿ ಪರೀಕ್ಷೆಯದು. ಹೋಗುವವರನ್ನು ತಡೆಯಲು ಮೂಲ ಅಂಕಪಟ್ಟಿ ತೆಗೆದಿಟ್ಟುಕೊಳ್ಳುವ ಪದ್ಧತಿ ಕೆಲವು ಮಾಲೀಕರಿಗಿದೆ. ತಡೆಯಲು ಇನ್ನೊಂದು ಉಪಾಯವೂ ಉಂಟು. ಅದು ಮುಂದಿನ ಪ್ರಕರಣದ ವಿಷಯ.

ವೇತನವಿಚಾರ

ಮೇ 12 ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಅಂದು ಕೇಕ್ ಕತ್ತರಿಸುತ್ತಾರೆ, ಮೋಂಬತ್ತಿ ಹಚ್ಚುತ್ತಾರೆ, ಸೇವೆಯ ಬಗ್ಗೆ ಭಾಷಣವಾಗುತ್ತದೆ. ಕಲ್ಯಾಣದಲ್ಲಿ ಆ ಭಾಷಣಕ್ಕೆ ಶರಣರ ಕಾಯಕವೂ ಸೇರಿಕೊಳ್ಳುತ್ತದೆ. ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು: ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ವಾಪಸು ಸುರಿದು ಬಾ ಎಂದು ಕಳಿಸಿದವಳು. ಭಾಷಣಕಾರರು ಈ ಕಥೆಯನ್ನು ಕೆಲಸದವರ ಕಡೆಯಿಂದ ಮಾತ್ರ ಓದುತ್ತಾರೆ. ದಿನದ ಕಾಯಕಕ್ಕೆ ದಿನದ ಅಕ್ಕಿ ಪೂರಾ ಸಿಗುತ್ತಿತ್ತು ಎಂಬ ಭಾಗ ಅದರಲ್ಲಿದೆ. ಅದು ಸಿಗದ ಮನೆಯಲ್ಲಿ ಲಕ್ಕಮ್ಮ ಗಂಡನನ್ನು ವಾಪಸು ಕಳಿಸುತ್ತಿದ್ದ ಕಾರಣವೇ ಬೇರೆ ಇರುತ್ತಿತ್ತು.

ವರ್ಗೀಕರಣದಲ್ಲಿ ನಮಗಿಂತ ನಿಪುಣರು ದಿಲ್ಲಿಯಲ್ಲಿದ್ದಾರೆ. ಸುಪ್ರೀಂ ಕೋರ್ಟು 2016ರ ಜನವರಿಯಲ್ಲಿ ಹೇಳಿದ ಮೇಲೆ ಕೇಂದ್ರ ಸರಕಾರ ನೇಮಿಸಿದ ಸಮಿತಿ ಖಾಸಗಿ ಆಸ್ಪತ್ರೆಗಳನ್ನು ಮಂಚದ ಲೆಕ್ಕದಲ್ಲಿ ನಾಲ್ಕು ಮಾಡಿತು. ಇನ್ನೂರು ಮಂಚ ದಾಟಿದರೆ ನರ್ಸಿಗೆ ಸರಕಾರಿ ನರ್ಸಿನಷ್ಟೇ ಪಗಾರ. ನೂರು ದಾಟಿದರೆ ಅದಕ್ಕಿಂತ ಹೆಚ್ಚೆಂದರೆ ಶೇ. 10 ಕಡಿಮೆ, ಐವತ್ತರಿಂದ ನೂರಕ್ಕೆ ಹೆಚ್ಚೆಂದರೆ ಶೇ. 25 ಕಡಿಮೆ, ಐವತ್ತಕ್ಕಿಂತ ಕಡಿಮೆ ಮಂಚವಿದ್ದರೂ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗೆ ಇಳಿಯಬಾರದು. ನಮ್ಮ ಪ್ರಕರಣದ ದವಾಖಾನೆಗಳು ಬಹುಮಟ್ಟಿಗೆ ಕೊನೆಯ ಮೆಟ್ಟಿಲಿನವು. ಆ ಅಂಕಿಯನ್ನು ವಾರ್ಡಿನಲ್ಲಿ ಗಟ್ಟಿಯಾಗಿ ಓದಿದರೆ ನಗು ಕೇಳಿಸುತ್ತದೆ. ಸಮಿತಿ ಕೊಟ್ಟದ್ದು ಶಿಫಾರಸು. ಕೇಂದ್ರ ಅದನ್ನು ರಾಜ್ಯಗಳಿಗೆ ಕಳಿಸಿತು.

ಮಾಲೀಕರೆಲ್ಲ ರಾಕ್ಷಸರೆಂದು ಯಾರೂ ತಿಳಿಯಬಾರದು. ಎಷ್ಟೋ ದವಾಖಾನೆಗಳು ಗಂಡಹೆಂಡತಿ ಡಾಕ್ಟರರು ಬ್ಯಾಂಕಿನ ಸಾಲದಲ್ಲಿ ಕಟ್ಟಿದವು. ಒಪಿಡಿಯಲ್ಲಿ ಐವತ್ತು ರೂಪಾಯಿಗೆ ಚೌಕಾಸಿ ಮಾಡುವವರು, ಡಿಸ್ಚಾರ್ಜಿನ ದಿನ ನೇತೃಗಳನ್ನು ಕರೆತಂದು ಬಿಲ್ಲು ಅರ್ಧ ಮಾಡಿಸುವವರು ನಾವೇ. ಆದರೆ ಬಿಲ್ಲಿನಲ್ಲಿ ‘ನರ್ಸಿಂಗ್ ಚಾರ್ಜ್, ದಿನಕ್ಕೆ ಇಷ್ಟು’ ಎಂಬ ಒಂದು ಸಾಲು ಇರುತ್ತದಲ್ಲ, ಅದನ್ನು ಕೊಟ್ಟವರು ಸಿಸ್ಟರಿಗೆ ಸೇರಿತೆಂದು ತಿಳಿದು ನಿಶ್ಚಿಂತರಾಗುತ್ತಾರೆ. ಅವಳಿಗೆ ನೇರವಾಗಿ ಸೇರುವುದು ಕೂಸು ಹುಟ್ಟಿದಾಗಿನ ಸಿಹಿ. ಗಂಡಾದರೆ ಪೇಢೆ, ಹೆಣ್ಣಾದರೆ ಬರ್ಫಿ, ಮೂರನೆಯದೂ ಹೆಣ್ಣಾದರೆ ಒಂದು ದೀರ್ಘ ಮೌನ.

ವಿಜ್ಞಾನೇಶ್ವರ ಆಸ್ತಿಯ ಪಾಲಿನ ಬಗ್ಗೆ ಮಾತ್ರ ಬರೆದವನೆಂದು ಜನ ತಿಳಿದಿದ್ದಾರೆ. ಅವನು ವ್ಯಾಖ್ಯಾನ ಮಾಡಿದ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ವೇತನಾದಾನ ಎಂಬ ಪ್ರಕರಣವೇ ಇದೆ. ಪಗಾರ ಪಡೆದು ಕೆಲಸ ಬಿಟ್ಟು ಹೋದವನು ಇಮ್ಮಡಿ ಕೊಡಬೇಕು ಎಂದು ಅದು ಹೇಳುತ್ತದೆ. ಮಾಲೀಕರು ಇಲ್ಲಿಯವರೆಗೆ ತಲೆಯಾಡಿಸುತ್ತಾರೆ. ಕೂಲಿ ಗೊತ್ತುಮಾಡದೆ ಕೆಲಸ ಮಾಡಿಸಿಕೊಂಡ ಒಡೆಯ ವ್ಯಾಪಾರ, ಪಶು, ಪೈರುಗಳ ಆದಾಯದಲ್ಲಿ ಹತ್ತರಲ್ಲೊಂದು ಪಾಲು ಕೊಡಬೇಕು, ರಾಜ ಅದನ್ನು ಕೊಡಿಸಬೇಕು ಎಂದು ಮುಂದೆ ಹೇಳುತ್ತದೆ. ಹೆಚ್ಚು ಕೆಲಸ ಮಾಡಿದವನಿಗೆ ಹೆಚ್ಚು ಕೊಡಬೇಕೆಂದೂ ಅಲ್ಲೇ ಇದೆ. ಐದು ಮಂಚದ ಮೇಲಿನ ಹದಿನೈದು ಮಂಚ, ಎಂಟು ತಾಸಿನ ಮೇಲಿನ ನಾಲ್ಕು ತಾಸು, ಒಂದು ಭಾಷೆಯ ಮೇಲಿನ ಮೂರು ಭಾಷೆ ಈ ‘ಹೆಚ್ಚು’ ಎಂಬ ಪದಾರ್ಥದೊಳಗೆ ಬರುತ್ತವೆಂಬುದು ನಮ್ಮ ಪಕ್ಷ. ಇದಕ್ಕೆ ಉತ್ತರಪಕ್ಷ ಹೇಳುವ ಹಕ್ಕು ಮಾಲೀಕರದು. ಅವರು ಸದ್ಯ ಒಪಿಡಿಯಲ್ಲಿದ್ದಾರೆ. ಹೊರಗೆ ಬೆಂಚಿನ ಮೇಲೆ ಕೂತಿರಲು ಹೇಳಿದ್ದಾರೆ.